ಕೋಲನ್ನು ಮೇಲೆತ್ತಿದ್ದು ಯಾರು?

ಹತ್ತು ಜನ ಎದುರುಬದುರಾಗಿ ಎರಡು ಸಾಲಿನಲ್ಲಿ ನಿಲ್ಲುತ್ತಾರೆ. ಎಲ್ಲರೂ ಎದೆಯ ಮಟ್ಟಕ್ಕೆ ಕೈ ತಂದು ತೋರುಬೆರಳು ಮುಂದೆ ಚಾಚಬೇಕು. ಆ ಬೆರಳುಗಳ ಮೇಲೆ ಆಟ ಆಡಿಸುವವರು ಒಂದು ಹಗುರವಾದ ಕೋಲು ಇಡುತ್ತಾರೆ. ಟೆಂಟಿನ ಕಂಬಿಯಾದರೂ ಆದೀತು, ಸಪೂರ ಬಿದಿರಾದರೂ ಆದೀತು. ಕೆಲಸ ಒಂದೇ: ಕೋಲನ್ನು ನೆಲಕ್ಕೆ ಇಳಿಸಬೇಕು. ನಿಯಮವೂ ಒಂದೇ: ಯಾರ ಬೆರಳೂ ಒಂದು ಕ್ಷಣ ಕೂಡ ಕೋಲಿನಿಂದ ಬಿಡಬಾರದು. ಹಿಡಿಯುವಂತಿಲ್ಲ, ಬೆರಳು ಮಡಚಿ ಕೊಕ್ಕೆ ಹಾಕುವಂತಿಲ್ಲ.

ಇಷ್ಟೇನಾ ಎಂದು ನಗುತ್ತಲೇ ಶುರುಮಾಡುತ್ತಾರೆ. ಕೋಲು ಮೇಲಕ್ಕೆ ಹೋಗುತ್ತದೆ.

ಎದೆಯಿಂದ ಗಂಟಲಿಗೆ, ಗಂಟಲಿನಿಂದ ಹಣೆಗೆ. ಮೊದಲು ನಗು, ಆಮೇಲೆ ಗದ್ದಲ. "ಕೆಳಗೆ ರೀ, ಕೆಳಗೆ!" "ನಾನಲ್ಲ, ಆ ತುದಿಯವರು ಎತ್ತುತ್ತಿದ್ದಾರೆ." "ನಾವೆಲ್ಲಿ ಎತ್ತಿದೆವು, ನೀವೇ ನೋಡ್ಕೊಳ್ಳಿ." ಎರಡು ನಿಮಿಷ ಕಳೆಯುವುದರೊಳಗೆ ಗುಂಪಿನಲ್ಲಿ ಒಬ್ಬ ತಪ್ಪಿತಸ್ಥ ಹುಟ್ಟಿಕೊಂಡಿರುತ್ತಾನೆ. ಸಾಮಾನ್ಯವಾಗಿ ಅವನು ಎಲ್ಲರಿಗಿಂತ ಎತ್ತರದವನು, ಇಲ್ಲವೇ ಎಲ್ಲರಿಗಿಂತ ಮೆತ್ತಗಿನವನು. ಆಡಿಸುವವರು ಪಕ್ಕದಲ್ಲಿ ಕೈಕಟ್ಟಿ ನಿಂತು ಸುಮ್ಮನೆ ನೋಡುತ್ತಿರುತ್ತಾರೆ.

ಹೀಲಿಯಂ ಸ್ಟಿಕ್ ಎಂದು ಕರೆಯಲಾಗುವ ಈ ಆಟದಲ್ಲಿ ಮಾಯವೇನೂ ಇಲ್ಲ. ಬೆರಳು ಬಿಟ್ಟುಹೋದೀತೆಂಬ ಭಯಕ್ಕೆ ಪ್ರತಿಯೊಬ್ಬರೂ ಒಂದು ಕೂದಲೆಳೆಯಷ್ಟು ಮೇಲಕ್ಕೆ ಒತ್ತುತ್ತಾರೆ. ಹತ್ತು ಜನರ ಆ ಚೂರುಚೂರು ಒತ್ತಡ ಸೇರಿದರೆ ಕೋಲಿನ ತೂಕಕ್ಕಿಂತ ಹೆಚ್ಚು. ಕೋಲು ಏರಿದ ಕೂಡಲೇ ಕೆಲವರ ಬೆರಳು ಬಿಟ್ಟುಹೋಗುತ್ತದೆ. ಅವರು ಗಡಬಡಿಸಿ ಬೆರಳು ಎತ್ತುತ್ತಾರೆ. ಕೋಲು ಇನ್ನೂ ಏರುತ್ತದೆ. ನಿಯಮವನ್ನು ಯಾರು ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಾರೋ ಅವರೇ ಕೆಲಸವನ್ನು ಹೆಚ್ಚು ಕೆಡಿಸುತ್ತಿರುತ್ತಾರೆ. ಎಲ್ಲರೂ ಇಳಿಸಲೆಂದೇ ನಿಂತಿದ್ದರು, ಎತ್ತಬೇಕೆಂದು ಯಾರ ಮನಸ್ಸಿನಲ್ಲೂ ಇರಲಿಲ್ಲ. ‘ಮಾಡಿದ್ದುಣ್ಣೋ ಮಾರಾಯ’ ಎನ್ನುವ ಕರ್ಮದ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಮಾಡಿದವರು ಯಾರೂ ಇಲ್ಲ, ಉಣ್ಣುವವರು ಎಲ್ಲರೂ.

ಸಾಹಸ ಶಿಬಿರಗಳಲ್ಲಿ ಆಡಿಸುವ ಸಹಕಾರದ ಆಟಗಳು ಹೊರನೋಟಕ್ಕೆ ಮಕ್ಕಳಾಟಿಕೆ. ಆದರೆ ಅವುಗಳ ಅಡಿಯಲ್ಲಿ ಧರ್ಮಶಾಸ್ತ್ರದಷ್ಟೇ ಹಳೆಯ ಒಂದು ಪ್ರಶ್ನೆ ಕೂತಿದೆ. ಒಳ್ಳೆಯತನ ಇರುವುದು ಮನುಷ್ಯನೊಳಗೋ, ಅವನು ನಿಂತಿರುವ ಸನ್ನಿವೇಶದಲ್ಲೋ? ಕನ್ನಡದ ಗಾದೆಗಳಿಗೂ ಇದರಲ್ಲಿ ಒಮ್ಮತವಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದ ಬಾಯೇ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದೂ ಹೇಳುತ್ತದೆ. ಮೊದಲನೆಯದು ನಿಜವಾದರೆ ಶಿಬಿರಕ್ಕೆ ಹೋಗುವುದೇ ದಂಡ. ಎರಡನೆಯದು ನಿಜವಾದರೆ ಶಿಬಿರದಿಂದ ಮನೆಗೆ ವಾಪಸಾಗುವುದೇ ಅಪಾಯ.

ಮನುಷ್ಯನೊಳಗೇ ಇದೆ, ಹೊರಗೆ ತೆಗೆಯಬೇಕಷ್ಟೆ ಎಂದು ನಂಬಿದವನು ಕರ್ಟ್ ಹಾನ್. 1886ರಲ್ಲಿ ಬರ್ಲಿನ್ನಿನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಈತ ಜರ್ಮನ್ ಸಾಮ್ರಾಜ್ಯದ ಕೊನೆಯ ಚಾನ್ಸಲರ್ ಬಾಡೆನ್ನಿನ ಪ್ರಿನ್ಸ್ ಮ್ಯಾಕ್ಸ್‌ಗೆ ಕಾರ್ಯದರ್ಶಿಯಾಗಿದ್ದ. ಇಬ್ಬರೂ ಸೇರಿ 1920ರಲ್ಲಿ ಸಾಲೆಂ ಎಂಬಲ್ಲಿ ಶಾಲೆ ತೆರೆದರು. ಈ ಶಾಲೆಯಲ್ಲಿ ಹೊಸದೇನಿದೆ ಎಂದು ಯಾರೋ ಕೇಳಿದಾಗ, ಹೊಸದೇನೂ ಇಲ್ಲ, ಪ್ಲೇಟೋನಿಂದ ಸ್ಕೌಟ್ಸ್‌ವರೆಗೆ ಎಲ್ಲ ಕಡೆಯಿಂದ ಕದ್ದು ತಂದದ್ದು ಎಂಬರ್ಥದ ಉತ್ತರವನ್ನು ಪ್ರಿನ್ಸ್ ಮ್ಯಾಕ್ಸ್ ಕೊಟ್ಟನಂತೆ. 1932ರಲ್ಲಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ನಾಜಿಗಳು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಕಣ್ಣೆದುರೇ ಕೊಂದರು. ಕೊಂದವರ ಬೆನ್ನಿಗೆ ಹಿಟ್ಲರ್ ನಿಂತ. ಹಿಟ್ಲರ್ ಜೊತೆ ಇರುವುದೋ ಸಾಲೆಂ ಜೊತೆ ಇರುವುದೋ ಆರಿಸಿಕೊಳ್ಳಿ ಎಂದು ಹಾನ್ ತನ್ನ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದ. ಮರುವರ್ಷ ಜೈಲು ಸೇರಿದ. ಬ್ರಿಟನ್ನಿನ ಗಣ್ಯರು ಮಧ್ಯೆ ಬಂದು ಬಿಡಿಸಿದ ಮೇಲೆ ದೇಶ ಬಿಟ್ಟು, 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ಕಟ್ಟಿದ.

ಯುದ್ಧ ಬಂತು. ಅಟ್ಲಾಂಟಿಕ್‌ನಲ್ಲಿ ಟಾರ್ಪಿಡೋ ತಗಲಿ ಹಡಗು ಮುಳುಗಿದಾಗ, ಲೈಫ್‌ಬೋಟಿನಲ್ಲಿ ಗಟ್ಟಿಮುಟ್ಟಾದ ಎಳೆಯ ನಾವಿಕರು ಸಾಯುತ್ತಿದ್ದಾರೆ, ಹಳಬರು ಬದುಕಿ ಬರುತ್ತಿದ್ದಾರೆ ಎಂದು ಬ್ಲೂ ಫನಲ್ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್‌ಗೆ ಅನ್ನಿಸಿತ್ತು. ಮೈಯ ಬಲಕ್ಕಿಂತ ಬೇರೇನೋ ಅಲ್ಲಿ ಬೇಕಾಗುತ್ತಿದೆ. ಹೋಲ್ಟ್ ದುಡ್ಡು ಕೊಟ್ಟ, ಹಾನ್ ಯೋಚನೆ ಕೊಟ್ಟ. 1941ರಲ್ಲಿ ವೇಲ್ಸ್‌ನ ಅಬರ್‌ಡೋವಿ ಕಡಲತೀರದಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಆರಂಭವಾಯಿತು. ಬಂದರು ಬಿಟ್ಟು ಹೊರಟ ಹಡಗಿಗೆ ನಾವಿಕರು ಬಳಸುವ ಮಾತೇ ಶಾಲೆಯ ಹೆಸರಾಯಿತು. ಸುಮಾರು ಒಂದು ತಿಂಗಳ ಶಿಬಿರ: ದೋಣಿ, ಬೆಟ್ಟ, ಓಟ, ಮುಳುಗುವವರನ್ನು ಮೇಲೆತ್ತುವ ತರಬೇತಿ.

ಹಾನ್‌ನ ಹಿಂದೆ ಇನ್ನೂ ಒಬ್ಬ ಹಿರಿಯ ದಾರ್ಶನಿಕನ ನೆರಳಿದೆ. ಅಮೆರಿಕದ ವಿಲಿಯಂ ಜೇಮ್ಸ್ 1910ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಯುದ್ಧ ಕೆಟ್ಟದ್ದು ಎಂದು ಹೇಳಿ ಸುಮ್ಮನಾದರೆ ಸಾಲದು. ಯುದ್ಧ ಮನುಷ್ಯನಿಂದ ಹೊರತೆಗೆಯುವ ಧೈರ್ಯ, ತ್ಯಾಗ, ಜೊತೆಗಾರನಿಗಾಗಿ ಜೀವ ಕೊಡುವ ಬುದ್ಧಿ ಇವನ್ನು ಹೊರತೆಗೆಯಲು ಯುದ್ಧವಲ್ಲದ ಬೇರೆ ದಾರಿ ಹುಡುಕಬೇಕು ಎಂಬುದು ಅವನ ವಾದ. ಹಾನ್ ಕಂಡುಕೊಂಡ ಬೇರೆ ದಾರಿ, ಅಪಾಯದಲ್ಲಿರುವವರನ್ನು ಕಾಪಾಡುವುದು. ಎಳೆಯರ ತಲೆಯಲ್ಲಿ ಅಭಿಪ್ರಾಯಗಳನ್ನು ತುರುಕುವುದು ಪಾಪ, ಆದರೆ ಅನುಭವದೊಳಕ್ಕೆ ಅವರನ್ನು ನೂಕದೆ ಇರುವುದು ಕರ್ತವ್ಯಲೋಪ ಎಂದು ಅವನು ಹೇಳುತ್ತಿದ್ದ. ‘ನೂಕುವುದು’ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ನೂಕಿದ್ದು ಎಲ್ಲರಿಗೂ ಒಗ್ಗುವುದಿಲ್ಲ. ಗಾರ್ಡನ್‌ಸ್ಟನ್‌ನಲ್ಲಿ ಪ್ರಿನ್ಸ್ ಫಿಲಿಪ್ ಅರಳಿದ. ಅದೇ ಶಾಲೆಗೆ ಬಂದ ಅವನ ಮಗ ಚಾರ್ಲ್ಸ್ ಅಲ್ಲಿ ಎಷ್ಟು ನೊಂದಿದ್ದ ಎನ್ನುವುದು ಬ್ರಿಟನ್ನಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಕಡಲಿನಿಂದ ಆಟದ ಬಯಲಿಗೆ ಈ ವಿದ್ಯೆ ಬಂದದ್ದು ಅಮೆರಿಕದಲ್ಲಿ. ಮಿನೆಸೋಟಾದಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಕಟ್ಟಿದ ಬಾಬ್ ಪೀ ಎಂಬವನ ಮಗ ಜೆರ‍್ರಿ ಪೀ, ಮ್ಯಾಸಚೂಸೆಟ್ಸ್‌ನ ಹ್ಯಾಮಿಲ್ಟನ್-ವೆನ್‌ಹ್ಯಾಂ ಹೈಸ್ಕೂಲಿಗೆ ಪ್ರಾಂಶುಪಾಲ. ಮಕ್ಕಳನ್ನೆಲ್ಲ ತಿಂಗಳುಗಟ್ಟಲೆ ಕಾಡಿಗೆ ಕಳಿಸಲಾಗದು. ಕಾಡನ್ನೇ ಶಾಲೆಯ ಹಿತ್ತಲಿಗೆ ತಂದರೆ? 1971ರಲ್ಲಿ ಪ್ರಾಜೆಕ್ಟ್ ಅಡ್ವೆಂಚರ್ ಶುರುವಾದದ್ದು ಹೀಗೆ. ಅಲ್ಲಿ ಕೆಲಸ ಮಾಡಿದ ಕಾರ್ಲ್ ರಾಂಕಿ ಬರೆದ ಆಟದ ಪುಸ್ತಕಗಳು, ಅದರಲ್ಲೂ 1984ರ ‘ಸಿಲ್ವರ್ ಬುಲೆಟ್ಸ್’, ಶಿಬಿರ ನಡೆಸುವವರ ಕೈಪಿಡಿಗಳಾದವು. ಎರಡು ಮರಗಳ ನಡುವೆ ಹಗ್ಗದ ಜೇಡರಬಲೆ ಕಟ್ಟಿ, ಹಗ್ಗ ಮುಟ್ಟದಂತೆ ಪ್ರತಿ ಕಿಂಡಿಯಿಂದ ಒಬ್ಬೊಬ್ಬರನ್ನು ದಾಟಿಸುವುದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಉದ್ದದ ಹಗ್ಗವೊಂದನ್ನು ಸರಿಯಾದ ಚೌಕ ಮಾಡುವುದು. ನೆಲದ ಮೇಲೆ ಗೆರೆ ಎಳೆದು ‘ಇದು ವಿಷದ ನದಿ’ ಎಂದು ನಂಬಿ, ಎರಡು ಹಲಗೆಯ ಸಹಾಯದಿಂದ ಎಲ್ಲರೂ ಆಚೆ ಸೇರುವುದು.

ಇವುಗಳಲ್ಲಿ ಎದುರಾಳಿ ಇಲ್ಲ. ಸೋತರೆ ಎಲ್ಲರೂ ಸೋತಂತೆ. ಲಗೋರಿ, ಕಬಡ್ಡಿ, ಚಿನ್ನಿದಾಂಡುಗಳಲ್ಲಿ ಬೆಳೆದವರಿಗೆ ಇದು ಮೊದಮೊದಲು ಸಪ್ಪೆ ಎನಿಸುತ್ತದೆ. ಆದರೆ ಮುಖ್ಯ ವ್ಯತ್ಯಾಸ ಬೇರೆ ಇದೆ. ಲಗೋರಿಗೆ ಆಡಿಸುವವರು ಬೇಕಿಲ್ಲ. ಏಳು ಬಿಲ್ಲೆಗಲ್ಲು, ಒಂದು ಚೆಂಡು, ಔಟೋ ಅಲ್ಲವೋ ಎಂಬ ಜಗಳ ಎಲ್ಲವನ್ನೂ ಮಕ್ಕಳೇ ನಿಭಾಯಿಸುತ್ತಾರೆ. ಆ ಜಗಳ ಬಗೆಹರಿಸುವುದರಲ್ಲೇ ಅವರು ಕಲಿಯುವುದು ಕಲಿತುಬಿಡುತ್ತಾರೆ. ಸಹಕಾರದ ಆಟಕ್ಕಾದರೋ ಹೊರಗೊಬ್ಬರು ಬೇಕು. ತೊಂದರೆಯನ್ನು ಸೃಷ್ಟಿಸಿ, ಅದರ ಪರಿಹಾರ ಗೊತ್ತಿದ್ದೂ ಹೇಳದೆ, ಬೆವರುವವರನ್ನು ನೋಡುತ್ತ ನಿಲ್ಲುವವರು. ಕನ್ನಡದಲ್ಲಿ ‘ಆಡಿಸುವವನು’ ಎಂದರೆ ಆಟದ ಮೇಷ್ಟ್ರೂ ಹೌದು, ಸೂತ್ರ ಹಿಡಿದು ಕೂತ ದೇವರೂ ಹೌದು. ಕಾಕತಾಳೀಯವಾದರೂ ಪದ ಸರಿಯಾದ ಜಾಗಕ್ಕೇ ಬಿದ್ದಿದೆ. ಎಲ್ಲ ಬಲ್ಲವನು ಕಷ್ಟವನ್ನು ಯಾಕೆ ಕೊಟ್ಟ, ಕೊಟ್ಟು ಯಾಕೆ ಸುಮ್ಮನಿದ್ದಾನೆ ಎಂದು ಭಕ್ತರು ದೇವರನ್ನು ಕೇಳುವ ಪ್ರಶ್ನೆಯನ್ನು ಇಲ್ಲಿ ಶಿಬಿರಾರ್ಥಿಗಳು ಟೋಪಿ ಹಾಕಿಕೊಂಡ ಇನ್‌ಸ್ಟ್ರಕ್ಟರ್‌ಗೆ ಕೇಳಬಹುದು.

ಹಾಗೆ ಸುಮ್ಮನೆ ನಿಂತು ನೋಡಿದವರಲ್ಲಿ ಅತ್ಯಂತ ಪ್ರಸಿದ್ಧ ಮನುಷ್ಯ ಒಬ್ಬ ಜವಾನನ ವೇಷದಲ್ಲಿದ್ದ.

1954ರ ಬೇಸಿಗೆ. ಅಮೆರಿಕದ ಓಕ್ಲಹೋಮಾದ ರಾಬರ್ಸ್ ಕೇವ್ ಎಂಬ ಬೆಟ್ಟದ ಉದ್ಯಾನದಲ್ಲಿ ಒಂದು ಸ್ಕೌಟ್ ಶಿಬಿರತಾಣ. ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಎರಡು ಬಸ್ಸಿನಲ್ಲಿ ಬೇರೆಬೇರೆಯಾಗಿ ಕರೆತಂದರು. ಒಂದು ಗುಂಪು ಇದೆಯೆಂದು ಇನ್ನೊಂದಕ್ಕೆ ಗೊತ್ತಿರಲಿಲ್ಲ. ಎಲ್ಲರೂ ಬಿಳಿಯರು, ಪ್ರಾಟೆಸ್ಟಂಟರು, ಮಧ್ಯಮವರ್ಗದವರು. ಬೇಕೆಂದೇ ಒಂದೇ ಅಚ್ಚಿನವರನ್ನು ಆರಿಸಿದ್ದರು. ಮೊದಲ ವಾರ ಈಜು, ಚಾರಣ, ಅಡುಗೆ. ಒಂದು ಗುಂಪು ತನ್ನನ್ನು ರ‍್ಯಾಟ್ಲರ್ಸ್ ಎಂದು ಕರೆದುಕೊಂಡಿತು, ಇನ್ನೊಂದು ಈಗಲ್ಸ್ ಎಂದು. ಆಮೇಲೆ ಇಬ್ಬರನ್ನೂ ಎದುರಾಗಿಸಿ ಪಂದ್ಯಾವಳಿ ಇಟ್ಟರು: ಬೇಸ್‌ಬಾಲ್, ಹಗ್ಗಜಗ್ಗಾಟ, ಟೆಂಟ್ ಕಟ್ಟುವ ಸ್ಪರ್ಧೆ. ಗೆದ್ದವರಿಗೆ ಪದಕ, ಜೊತೆಗೆ ಒಂದೊಂದು ಪಾಕೆಟ್ ಚಾಕು. ಕೆಲವೇ ದಿನಗಳಲ್ಲಿ ಈಗಲ್ಸ್ ಎದುರಾಳಿಗಳ ಬಾವುಟ ಸುಟ್ಟರು. ರ‍್ಯಾಟ್ಲರ್ಸ್ ಅವರ ಕೊಠಡಿಗೆ ನುಗ್ಗಿ ಮಂಚ ಮಗುಚಿದರು.

ಇದರ ಹಿಂದಿದ್ದವನು ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್. ಆಟೋಮನ್ ಸಾಮ್ರಾಜ್ಯ ಒಡೆಯುವ ಹೊತ್ತಿನಲ್ಲಿ ನೆರೆಹೊರೆಯವರೇ ಒಬ್ಬರನ್ನೊಬ್ಬರು ಕೊಂದದ್ದನ್ನು ಹುಡುಗನಾಗಿ ಕಂಡಿದ್ದವನು. ಶಿಬಿರದ ಮೇಲ್ವಿಚಾರಕರೆಲ್ಲ ಅವನ ಸಂಶೋಧಕರು. ಅವನೇ ಕಸ ಗುಡಿಸುವ, ರಿಪೇರಿ ಮಾಡುವ ಕೆಲಸದವನಂತೆ ಓಡಾಡಿಕೊಂಡಿದ್ದ. ಹಗೆ ಬೆಳೆದ ಮೇಲೆ ಅದನ್ನು ಇಳಿಸುವ ಪ್ರಯತ್ನ. ಮೊದಲು ಎರಡೂ ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಊಟ ಮಾಡುವ ಬದಲು ಊಟವನ್ನೇ ಎಸೆದಾಡಿಕೊಂಡರು. ಒಂದೇ ಪಂಕ್ತಿಯಲ್ಲಿ ಕೂತರೆ ಭೇದ ಅಳಿಯುತ್ತದೆ ಎಂದು ನಂಬುವವರು ಗಮನಿಸಬೇಕಾದ ದೃಶ್ಯ ಇದು.

ಆಮೇಲೆ ಒಂದು ದಿನ ಇಡೀ ಶಿಬಿರಕ್ಕೆ ನೀರು ನಿಂತಿತು. ಬೆಟ್ಟದ ಮೇಲಿನ ಟ್ಯಾಂಕಿನಿಂದ ಬರುವ ಪೈಪಿನ ಉದ್ದಕ್ಕೂ ಹುಡುಗರು ಹುಡುಕುತ್ತ ಹೋದರು. ನಲ್ಲಿಯ ಬಾಯಿಗೆ ಗೋಣಿತಟ್ಟು ತುರುಕಿತ್ತು. ಬಾಯಾರಿದ ಎರಡೂ ಗುಂಪು ಕೂಡಿ ಅದನ್ನು ಕಿತ್ತವು. ಇನ್ನೊಂದು ದಿನ ‘ಟ್ರೆಷರ್ ಐಲೆಂಡ್’ ಚಿತ್ರ ತರಿಸಲು ದುಡ್ಡು ಸಾಲದು ಎಂದಾಗ ಇಬ್ಬರೂ ಚಂದಾ ಹಾಕಿದರು. ಕೊನೆಗೆ ಊಟ ತರಬೇಕಾದ ಟ್ರಕ್ಕು ಕೆಟ್ಟು ನಿಂತಿತು. ನೂಕಲು ಆಗದು. ಯಾರೋ ಹಗ್ಗ ತಂದರು. ಕೆಲವು ದಿನಗಳ ಹಿಂದೆ ಎರಡು ತುದಿಯಲ್ಲಿ ನಿಂತು ಒಬ್ಬರನ್ನೊಬ್ಬರು ಎಳೆದಾಡಿದ್ದರಲ್ಲ, ಅದೇ ಹಗ್ಗ. ಈಗ ಇಪ್ಪತ್ತೂ ಚಿಲ್ಲರೆ ಹುಡುಗರು ಒಂದೇ ತುದಿ ಹಿಡಿದರು. ಹಿಂದಿರುಗುವಾಗ ಒಂದೇ ಬಸ್ಸಿನಲ್ಲಿ ಹೋಗುತ್ತೇವೆಂದು ಹಟ ಹಿಡಿದರು. ದಾರಿಯಲ್ಲಿ ರ‍್ಯಾಟ್ಲರ್ಸ್ ತಾವು ಗೆದ್ದಿದ್ದ ಐದು ಡಾಲರಿನಲ್ಲಿ ಈಗಲ್ಸ್‌ಗೂ ಸೇರಿಸಿ ತಂಪು ಪಾನೀಯ ಕೊಡಿಸಿದರು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಅದಕ್ಕೂ ಒಂದು ವರ್ಷ ಮೊದಲು, 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಶೆರಿಫ್ ಇದೇ ಆಟ ಹೂಡಿ ಸೋತಿದ್ದ. ಆಸ್ಟ್ರೇಲಿಯದ ಜೀನಾ ಪೆರಿ 2018ರ ತನ್ನ ಪುಸ್ತಕದಲ್ಲಿ ಆ ಕಥೆಯನ್ನು ವಿವರವಾಗಿ ಹೊರತಂದಳು. ಅಲ್ಲಿ ಹುಡುಗರನ್ನು ಗುಂಪು ಮಾಡುವ ಮೊದಲೇ ಪರಸ್ಪರ ಪರಿಚಯವಾಗಿತ್ತು. ಸಂಶೋಧಕರು ಕದ್ದು ಬಟ್ಟೆ ಎಗರಿಸಿ, ಟೆಂಟು ಹಾಳುಮಾಡಿ, ಇನ್ನೊಂದು ಗುಂಪಿನ ಮೇಲೆ ಸಂಶಯ ಬರಿಸಲು ನೋಡಿದರು. ಹುಡುಗರು ಕೂತು ಯೋಚಿಸಿ, ಇದು ನಮ್ಮಲ್ಲಿ ಯಾರ ಕೆಲಸವೂ ಅಲ್ಲ, ದೊಡ್ಡವರದೇ ಕಿತಾಪತಿ ಎಂದು ತೀರ್ಮಾನಿಸಿದರು. ಆಡಿಸುವವನನ್ನೇ ಹಿಡಿದುಹಾಕಿದ್ದರು. ಪ್ರಯೋಗ ಬರಖಾಸ್ತಾಯಿತು.

ಸಹಕಾರದ ಆಟಗಳ ನೈತಿಕ ಬೆನ್ನೆಲುಬು ಇರುವುದು ಇಲ್ಲಿ. ಶೆರಿಫ್‌ನ ನೀರಿನ ಟ್ಯಾಂಕಿಗೂ ಶಿಬಿರದ ‘ವಿಷದ ನದಿ’ಗೂ ರಚನೆ ಒಂದೇ, ಒಬ್ಬರಿಂದ ಆಗದ, ಎಲ್ಲರಿಗೂ ಬೇಕಾದ ಕೆಲಸ. ಆದರೆ ಟ್ಯಾಂಕು ಮೋಸ, ನದಿ ಮೋಸವಲ್ಲ. ನೆಲದ ಗೆರೆಯಲ್ಲಿ ವಿಷವಿಲ್ಲ ಎಂಬುದು ಎಂಟು ವರ್ಷದ ಮಗುವಿಗೂ ಗೊತ್ತು. ಗೊತ್ತಿದ್ದೇ ಕಾಲು ಎತ್ತಿ ಹಿಡಿದುಕೊಳ್ಳುತ್ತದೆ. ಆಟವೆಂದರೆ ಬೇಕಿಲ್ಲದ ಅಡ್ಡಿಗಳನ್ನು ತಾವಾಗಿ ಮೈಮೇಲೆ ಎಳೆದುಕೊಂಡು ದಾಟಲು ನೋಡುವುದು ಎಂದು ದಾರ್ಶನಿಕ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಲಕ್ಷಣ ಹೇಳಿದ. ‘ತಾವಾಗಿ’ ಎಂಬ ಮಾತು ತೆಗೆದರೆ ಉಳಿಯುವುದು ಬರೀ ಅಡ್ಡಿ.

ಭಾರತೀಯ ದರ್ಶನ ಇದನ್ನು ಇನ್ನೊಂದು ಮಗ್ಗುಲಿನಿಂದ ನೋಡಿತ್ತು. ಏನೂ ಕೊರತೆಯಿಲ್ಲದ ಬ್ರಹ್ಮ ಜಗತ್ತನ್ನು ಯಾಕೆ ಸೃಷ್ಟಿಸಬೇಕು ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರಗಳ ಎರಡನೇ ಅಧ್ಯಾಯ ಕೊಡುವ ಉತ್ತರ, ಲೀಲೆ. ಎಲ್ಲ ಆಸೆ ತೀರಿದ ರಾಜ ಸುಮ್ಮನೆ ಕ್ರೀಡೆಗೆ ತೊಡಗುವಂತೆ, ಉಸಿರಾಟ ತಾನಾಗಿ ನಡೆಯುವಂತೆ ಎಂದು ಶಂಕರರು ಭಾಷ್ಯದಲ್ಲಿ ವಿವರಿಸುತ್ತಾರೆ. ಲೀಲೆಗೆ ಪ್ರಯೋಜನವಿಲ್ಲ, ಪ್ರಯೋಜನವಿದ್ದರೆ ಅದು ಲೀಲೆಯಲ್ಲ. ಈ ಅಳತೆಗೋಲು ಹಿಡಿದರೆ ಟೀಮ್ ಬಿಲ್ಡಿಂಗ್ ಆಟ ಆಟವೇ ಅಲ್ಲ, ಬೆಲ್ಲ ಸವರಿದ ಕಷಾಯ. ಆದರೆ ಮಕ್ಕಳ ಗುಂಪೊಂದು ಜೇಡರಬಲೆ ದಾಟುವುದನ್ನು ನೋಡಿದವರು ಹಾಗೆ ಹೇಳಲು ಹಿಂಜರಿಯುತ್ತಾರೆ. ಕೊನೆಯ ಹುಡುಗಿಯನ್ನು ಹೆಣದಂತೆ ಮಲಗಿಸಿ, ಏಳೆಂಟು ಕೈಗಳ ಮೇಲೆ ಕಿಂಡಿಯೊಳಗಿಂದ ತೂರಿಸುವಾಗ, ಅವಳ ಜಡೆ ಹಗ್ಗಕ್ಕೆ ತಾಗೀತೆಂದು ಯಾರೋ ಅದನ್ನು ಎತ್ತಿ ಬಾಯಲ್ಲಿ ಕಚ್ಚಿ ಹಿಡಿದಿರುತ್ತಾರೆ. ಆ ಹೊತ್ತಿನಲ್ಲಿ ನಾಯಕತ್ವದ ಪಾಠ ಯಾರಿಗೂ ನೆನಪಿರುವುದಿಲ್ಲ. ಪ್ರಯೋಜನ ಇರುವುದು ಆಡಿಸುವವರ ತಲೆಯಲ್ಲಿ ಮಾತ್ರ, ಆಡುವವರಿಗೆ ಅದು ಲೀಲೆಯೇ.

ಸರಿ, ಆಟ ಚೆನ್ನಾಯಿತು. ಗುಣ ಬಂತೇ?

ಈ ಪ್ರಶ್ನೆಯನ್ನು ಗಂಭೀರವಾಗಿ ಅಳೆಯಲು ಹೊರಟ ಮೊದಲಿಗರಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಇದ್ದರು. ಧಾರ್ಮಿಕ ಶಿಕ್ಷಣ ಮಕ್ಕಳಲ್ಲಿ ಪ್ರಾಮಾಣಿಕತೆ ಬೆಳೆಸುತ್ತದೆಯೇ ಎಂದು ತಿಳಿಯಲು, ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಸುಲಭದ ಅವಕಾಶಗಳನ್ನು ಒಡ್ಡಿ ನೋಡಿದರು. 1928ರಿಂದ 1930ರವರೆಗೆ ಮೂರು ಸಂಪುಟಗಳಲ್ಲಿ ಬಂದ ಫಲಿತಾಂಶ ಪಾದ್ರಿಗಳಿಗೂ ಮೇಷ್ಟ್ರುಗಳಿಗೂ ಮುಜುಗರ ತಂದಿತು. ಪರೀಕ್ಷೆಯಲ್ಲಿ ನಕಲು ಮಾಡದ ಮಗು ಆಟದಲ್ಲಿ ಮೋಸ ಮಾಡುತ್ತಿತ್ತು, ಆಟದಲ್ಲಿ ನೆಟ್ಟಗಿದ್ದದ್ದು ಮನೆಯಲ್ಲಿ ಸುಳ್ಳು ಹೇಳುತ್ತಿತ್ತು. ಒಟ್ಟಾರೆ ‘ಪ್ರಾಮಾಣಿಕ ಮಗು’ ಎಂಬ ಜಾತಿ ಸಿಗುವುದು ಕಷ್ಟವಾಯಿತು.

ಇನ್ನೂ ಚುರುಕು ಮುಟ್ಟಿಸುವ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಕಾಪಾಡುವುದನ್ನೇ ಧರ್ಮವೆಂದ ಹಾನ್‌ಗೆ ಬೈಬಲಿನಲ್ಲಿ ಜೊತೆಗಾರ ಹುಡುಕಿದರೆ ಸಿಗುವವನು ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಯಾಜಕನೂ ಲೇವಿಯನೂ ಬಿಟ್ಟುಹೋದರು, ಈ ಪರಕೀಯ ನಿಂತು ಎತ್ತಿಕೊಂಡ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್, ಪ್ರಿನ್ಸ್‌ಟನ್ ದೇವತಾಶಾಸ್ತ್ರ ಶಾಲೆಯ 40 ವಿದ್ಯಾರ್ಥಿಗಳಿಗೆ ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಲು ಹೇಳಿದರು. ಅರ್ಧದಷ್ಟು ಮಂದಿಗೆ ವಿಷಯ ಇದೇ ಸಮಾರ್ಯದವನ ಕಥೆ. ಕೆಲವರಿಗೆ ಇನ್ನೂ ಹೊತ್ತಿದೆ ಎಂದರು, ಕೆಲವರಿಗೆ ತಡವಾಗಿದೆ ಓಡಿ ಎಂದರು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ ಕುಸಿದು ಕೂತಿದ್ದ. ಹೊತ್ತಿದ್ದವರಲ್ಲಿ 63 ಪ್ರತಿಶತ ಜನ ಏನಾದರೂ ನೆರವು ನೀಡಿದರು. ಅವಸರದಲ್ಲಿದ್ದವರಲ್ಲಿ 10 ಪ್ರತಿಶತ. ಭಾಷಣದ ವಿಷಯ ಯಾವುದೆಂಬುದು ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಮಾಡಲಿಲ್ಲ. ಸಮಾರ್ಯದವನ ಕುರಿತು ಮಾತಾಡಲು ಹೊರಟವರಲ್ಲೂ ಕೆಲವರು ಬಿದ್ದವನನ್ನು ದಾಟಿಕೊಂಡೇ ಹೋದರು.

ಆಸ್ಟ್ರೇಲಿಯದ ಹೊರಾಂಗಣ ಶಿಕ್ಷಣ ತಜ್ಞ ಆಂಡ್ರ್ಯೂ ಬ್ರೂಕ್ಸ್ 2003ರಲ್ಲಿ ಇಂಥ ಸಾಕ್ಷ್ಯಗಳನ್ನೆಲ್ಲ ಹಿಡಿದು ಹಾನ್ ಪರಂಪರೆಯ ಬುಡಕ್ಕೇ ಕೊಡಲಿ ಹಾಕಿದ. ಬೆಟ್ಟದಲ್ಲಿ ಧೈರ್ಯ ತೋರಿದವನು ಬೆಟ್ಟದಲ್ಲಿ ಧೈರ್ಯವಂತ, ಅಷ್ಟೇ. ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು ಊರಿಗೆ ಒಯ್ಯಬಹುದು ಎಂಬುದು ನಂಬಿಕೆಯೇ ಹೊರತು ಶಾಸ್ತ್ರವಲ್ಲ ಎಂಬುದು ಅವನ ವಾದದ ತಿರುಳು. ಇದಕ್ಕೆ ಎದುರು ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಜಾನ್ ಹ್ಯಾಟಿ ಮತ್ತು ಸಂಗಡಿಗರು 1997ರಲ್ಲಿ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಹಸ ಶಿಬಿರಗಳಿಂದ ಆತ್ಮವಿಶ್ವಾಸ, ಸ್ವನಿಯಂತ್ರಣದಂಥ ಗುಣಗಳಲ್ಲಿ ಮಧ್ಯಮ ಮಟ್ಟದ ಏರಿಕೆ ಕಂಡಿತು. ಶಿಬಿರ ಮುಗಿದ ಮೇಲೂ ಅದು ಇಳಿಯದೆ ಒಂದಿಷ್ಟು ಬೆಳೆದಿತ್ತು. ಆದರೆ ಅವರೇ ಕಂಡ ಇನ್ನೊಂದು ಸಂಗತಿ: 20 ದಿನ ದಾಟಿದ ಶಿಬಿರಗಳ ಪರಿಣಾಮವೇ ಹೆಚ್ಚು.

ಬೆಂಗಳೂರಿನ ಕಂಪನಿಗಳ ಔಟಿಂಗ್ 20 ದಿನದ್ದಲ್ಲ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ, ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬಂಡೆಗಳ ಬಳಿಯೋ, ಇನ್ನಾವುದೋ ರೆಸಾರ್ಟಿನ ಹುಲ್ಲುಹಾಸಿನ ಮೇಲೋ ಇಳಿದು, ತಟ್ಟೆ ಇಡ್ಲಿ ತಿಂದು, ಮೂರು ಆಟ ಆಡಿ, ಗ್ರೂಪ್ ಫೋಟೊ ತೆಗೆಸಿಕೊಂಡು ಸಂಜೆಗೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವಂಥದ್ದು. ಭಾರತದಲ್ಲಿ ಸಾಹಸ ಶಿಬಿರವನ್ನು ಗಂಭೀರವಾಗಿ ಮಾಡಿದವರು ಇಲ್ಲದಿಲ್ಲ. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅವರು ಟಾಟಾ ಸ್ಟೀಲ್ ಅಡ್ವೆಂಚರ್ ಫೌಂಡೇಶನ್ ಮೂಲಕ ದಶಕಗಳ ಕಾಲ ಉದ್ಯೋಗಿಗಳನ್ನೂ ಯುವಜನರನ್ನೂ ಹಿಮಾಲಯಕ್ಕೆ ಕರೆದೊಯ್ದರು. ಆದರೆ ಒಂದು ದಿನದ ಪೊಟ್ಟಣಕ್ಕೆ ಬೇಡಿಕೆ ಹೆಚ್ಚು, ಮತ್ತು ಆ ಪೊಟ್ಟಣದ ಮೇಲೆ ಬರೆಯುವ ಮಾತುಗಳು ದೊಡ್ಡವು: ವಿಶ್ವಾಸ, ನಾಯಕತ್ವ, ಒಗ್ಗಟ್ಟು.

ವಿಶ್ವಾಸದ ಕಥೆಯನ್ನೇ ತೆಗೆದುಕೊಳ್ಳೋಣ. ಟ್ರಸ್ಟ್ ಫಾಲ್ ಎಂಬ ಆಟ ಎಲ್ಲರಿಗೂ ಗೊತ್ತು. ಒಬ್ಬರು ಎದೆಯ ಮೇಲೆ ಕೈ ಮಡಚಿ, ಕಣ್ಣು ಮುಚ್ಚಿ, ಬೆನ್ನ ಹಿಂದಕ್ಕೆ ಬೀಳುತ್ತಾರೆ, ಸಹೋದ್ಯೋಗಿಗಳು ಹಿಡಿಯುತ್ತಾರೆ. ಬಿದ್ದು ಪೆಟ್ಟಾದ ಪ್ರಕರಣಗಳಿಂದಾಗಿ ಎತ್ತರದಿಂದ ಬೀಳಿಸುವುದನ್ನು ಹಲವರು ಈಗ ಕೈಬಿಟ್ಟಿದ್ದಾರೆ. ಅದಿರಲಿ. ಬೀಳುವವರ ಮುಂದೆ ಬಾಸ್ ನಿಂತಿದ್ದಾರೆ, ಅಪ್ರೈಸಲ್ ಮುಂದಿನ ತಿಂಗಳು. ಒಲ್ಲೆ ಎಂದರೆ ‘ಟೀಮ್ ಪ್ಲೇಯರ್ ಅಲ್ಲ’ ಎಂಬ ಹಣೆಪಟ್ಟಿ. ಅವರು ಬೀಳುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಕಂಡದ್ದು ವಿಶ್ವಾಸವೋ ಭಯವೋ? ನೂರು ಜೊತೆ ಕಣ್ಣಿನ ಮುಂದೆ ಕೈಬಿಟ್ಟು ಬೀಳಿಸುವ ಮೂರ್ಖ ಯಾವ ಕಚೇರಿಯಲ್ಲೂ ಇರಲಾರ. ವಿಶ್ವಾಸದ ಪರೀಕ್ಷೆ ನಡೆಯುವುದು ಯಾರೂ ನೋಡದಿರುವಾಗ, ಒಬ್ಬರ ತಪ್ಪು ಇನ್ನೊಬ್ಬರ ಮೇಲ್ ಬಾಕ್ಸಿನಲ್ಲಿ ಸಿಕ್ಕಾಗ.

ಪ್ರಾಜೆಕ್ಟ್ ಅಡ್ವೆಂಚರ್‌ನವರು ಈ ಗುಂಡಿಯನ್ನು ಬೇಗನೆ ಕಂಡಿದ್ದರು. ಅದಕ್ಕೇ ‘ಸವಾಲು ನಿನ್ನ ಆಯ್ಕೆ’ ಎಂಬ ನಿಯಮವನ್ನು ತಮ್ಮ ಕಸುಬಿನ ಕೇಂದ್ರದಲ್ಲಿ ಇಟ್ಟರು. ಯಾರು ಬೇಕಾದರೂ, ಯಾವ ಹೊತ್ತಿಗೆ ಬೇಕಾದರೂ, ಕಾರಣ ಕೊಡದೆ ‘ಬೇಡ’ ಎನ್ನಬಹುದು. ಹಾಗೆಂದವರು ಗುಂಪಿನಲ್ಲೇ ಉಳಿದು ಬೇರೆ ಕೆಲಸ ಮಾಡಬಹುದು. ಇದು ಸುರಕ್ಷತೆಯ ನಿಯಮದಂತೆ ಕಂಡರೂ ಅದಕ್ಕಿಂತ ಆಳದ್ದು. ‘ಬೇಡ’ ಎನ್ನುವ ಬಾಗಿಲು ತೆರೆದಿದ್ದಾಗ ಮಾತ್ರ ‘ಹೂಂ’ಗೆ ಬೆಲೆ. ಹಾನ್‌ನ ‘ನೂಕುವುದ’ಕ್ಕೆ ಅವನ ಶಿಷ್ಯಪರಂಪರೆಯೇ ಹಾಕಿದ ಕಡಿವಾಣ ಇದು.

ಇನ್ನು ಮೌನದ ವಿಚಾರ. ಆಟ ಮುಗಿದ ಮೇಲೆ ವೃತ್ತಾಕಾರ ಕೂರಿಸಿ ಚರ್ಚೆ ನಡೆಸುವುದು ರೂಢಿ. ಬೆಟ್ಟಗಳು ತಾವೇ ಮಾತಾಡುತ್ತವೆ, ಮಧ್ಯೆ ನಿಮ್ಮ ವ್ಯಾಖ್ಯಾನ ಬೇಡ ಎಂದು ಹಳೆಯ ಔಟ್‌ವರ್ಡ್ ಬೌಂಡ್‌ನವರು ಹೇಳುತ್ತಿದ್ದರು. ಹೌದೇ, ನಿಜಕ್ಕೂ ಮಾತಾಡಬಲ್ಲವೇ ಎಂದು ಅವರದೇ ಕೊಲೊರಾಡೋ ಶಾಲೆಯ ಥಾಮಸ್ ಜೇಮ್ಸ್ 1980ರಲ್ಲಿ ಅದನ್ನೇ ಪ್ರಶ್ನೆಯಾಗಿಸಿ ಒಂದು ಲೇಖನ ಬರೆದ. ಆಲದ ಮರದಡಿ ಮೌನದಲ್ಲೇ ಬೋಧಿಸಿದ ದಕ್ಷಿಣಾಮೂರ್ತಿಯ ನಾಡಿನವರಿಗೆ ಈ ಜಗಳ ಹೊಸದಲ್ಲ. ಆದರೆ ದಕ್ಷಿಣಾಮೂರ್ತಿಯ ಮುಂದೆ ಕೂತಿದ್ದವರು ಪಕ್ವ ಋಷಿಗಳು, ಸೋಮವಾರ ಸ್ಟೇಟಸ್ ಮೀಟಿಂಗ್ ಇರುವ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲ. ಇವರನ್ನು ಒಂದೆರಡು ಮಾತು ಕೇಳಲೇಬೇಕು. ಕೇಳುವುದು ಏನನ್ನು ಎಂಬುದರ ಮೇಲೆ ಆಡಿಸುವವರ ಯೋಗ್ಯತೆ ನಿಂತಿದೆ. ‘ಇದರಿಂದ ನೀವೇನು ಕಲಿತಿರಿ?’ ಎಂದರೆ, ಶಾಲೆಯಲ್ಲಿ ಕಲಿತ ಉತ್ತರ ಬರುತ್ತದೆ: ಒಗ್ಗಟ್ಟಿನಲ್ಲಿ ಬಲವಿದೆ ಸರ್. ‘ಕೋಲು ಹಣೆಯವರೆಗೆ ಹೋದಾಗ ಮೊದಲು ಯಾರ ಹೆಸರು ಹೇಳಿದಿರಿ, ಯಾಕೆ?’ ಎಂದು ಕೇಳಿ ನೋಡಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಬರುವ ಮಾತು ಕೇಳುವಂತಿರುತ್ತದೆ.

ಕೋಲು ಕೊನೆಗೆ ಇಳಿಯುತ್ತದೆ ಎಂಬುದನ್ನೂ ಹೇಳಬೇಕು. ಕೂಗಾಡುವುದನ್ನು ನಿಲ್ಲಿಸಿ, ಒಬ್ಬರು ಎಣಿಸಿ, ಎಲ್ಲರೂ ಒಟ್ಟಿಗೆ ಮಂಡಿ ಬಗ್ಗಿಸಲು ಶುರುಮಾಡಿದಾಗ ನಿಧಾನಕ್ಕೆ, ನಡುಗುತ್ತ, ಇಳಿಯುತ್ತದೆ. ಅದೇ ಹತ್ತು ಜನ, ಅವರವೇ ಗುಣಗಳು. ಬದಲಾದದ್ದು ಅವರ ನಡುವಿನ ಏರ್ಪಾಟು. ಸಹಕಾರದ ಆಟ ಆಡಿಸುವವರ ಕಸುಬು ಏರ್ಪಾಟಿನದು, ಚಾರಿತ್ರ್ಯದ್ದಲ್ಲ. ಅವಸರವಿಲ್ಲದ, ಬೇಡ ಎನ್ನಬಹುದಾದ, ಒಬ್ಬರಿಂದ ಆಗದ ಕೆಲಸವಿರುವ ಒಂದು ಜಾಗವನ್ನು ಅವರು ಕೆಲವು ಗಂಟೆಗಳ ಮಟ್ಟಿಗೆ ಕಟ್ಟಿಕೊಡಬಲ್ಲರು. ಅಂಥ ಜಾಗ ಕಚೇರಿಯಲ್ಲೂ ಶಾಲೆಯಲ್ಲೂ ಇರಬೇಕಾದರೆ ಅದನ್ನು ಕಟ್ಟಬೇಕಾದವರು ಅಲ್ಲಿನ ಬಾಸುಗಳು ಮತ್ತು ಹೆಡ್‌ಮಾಸ್ತರರು. ಆ ಕೆಲಸವನ್ನು ರೆಸಾರ್ಟಿಗೆ ಗುತ್ತಿಗೆ ಕೊಡಲಾಗದು.

ಆದ್ದರಿಂದ ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ. ಸಂಜೆ ಐದಕ್ಕೆ ಹಂಚುವ ಪ್ರಮಾಣಪತ್ರದಲ್ಲಿ ‘ನಾಯಕತ್ವ ಗುಣ ಬೆಳೆಸಿಕೊಂಡಿದ್ದಾರೆ’ ಎಂದು ಅಚ್ಚು ಹಾಕಿಸುವುದನ್ನು ಬಿಡಿ. ‘ಇವರು ಒಂಬತ್ತು ಜನರ ಜೊತೆ ಸೇರಿ ಒಂದು ಕೋಲನ್ನು ನೆಲಕ್ಕಿಳಿಸಿದರು, ಮೂರನೇ ಪ್ರಯತ್ನದಲ್ಲಿ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಡಿ.